ಒಂದೇ ಬಾಗಿಲಿನ ಮನೆ: ಆ್ಯನ್ ಸಲಿವನ್, ಹೆಲೆನ್ ಕೆಲರ್ ಮತ್ತು ಶಿಷ್ಯನಿಷ್ಠೆಯ ತೊಡಕು

1892ರ ಆರಂಭದಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಸಂಸ್ಥೆಯಲ್ಲಿ 11 ವರ್ಷದ ಹುಡುಗಿಯೊಬ್ಬಳ ವಿಚಾರಣೆ ನಡೆಯಿತು. ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ. ಅವಳ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಮೂಡಿಸಿ ಪ್ರಶ್ನೆ ಕೇಳಬೇಕಿತ್ತು. ವಿಚಾರಣೆಗೆ ಮೊದಲು ಅವಳ ಶಿಕ್ಷಕಿಯನ್ನು ಕೋಣೆಯಿಂದ ಹೊರಗೆ ಕಳಿಸಿದರು. ಅವಳು ಬರೆದ ಕಥೆ ಅವಳದೇ, ಬೇರೆ ಪುಸ್ತಕದಿಂದ ಎತ್ತಿದ್ದೇ, ಎತ್ತಿದ್ದಾದರೆ ಅವಳ ಕೈಗೆ ಅದನ್ನು ಕೊಟ್ಟವರು ಯಾರು ಎಂಬುದು ತೀರ್ಮಾನವಾಗಬೇಕಿತ್ತು. ಕುಳಿತ ಎಂಟು ಜನರಲ್ಲಿ ನಾಲ್ವರು ಕಣ್ಣಿದ್ದವರು, ನಾಲ್ವರು ಕಣ್ಣಿಲ್ಲದವರು. ಅಭಿಪ್ರಾಯ ಸರಿಸಮನಾಗಿ ಒಡೆದಾಗ ಸಂಸ್ಥೆಯ ನಿರ್ದೇಶಕ ಮೈಕೆಲ್ ಅನಾಗ್ನೋಸ್ ಹುಡುಗಿಯ ಪರವಾಗಿ ಮತ ಹಾಕಿದರು. ಹುಡುಗಿ ಹೆಲೆನ್ ಕೆಲರ್, ಹೊರಗೆ ಹೋದ ಶಿಕ್ಷಕಿ ಆ್ಯನ್ ಸಲಿವನ್. ಆ ದಿನ ಎಂಟು ಜನಕ್ಕೆ ತೀರ್ಮಾನಿಸಲಾಗದೆ ಉಳಿದ ಪ್ರಶ್ನೆಯೇ ಈ ಲೇಖನದ ವಿಷಯ. ಅವರಿಗೆ ಅದು ತೀರ್ಮಾನವಾಗದೆ ಹೋದದ್ದು ಅವರ ಬುದ್ಧಿಯ ಕೊರತೆಯಿಂದಲ್ಲ. ಶಿಕ್ಷಕಿ ಆ ಮಗುವನ್ನು ಬೆಳೆಸಿದ ರೀತಿಯೇ ಯಾರಿಗೂ ಉತ್ತರ ಸಿಗದಂತೆ ಮಾಡಿತ್ತು ಎಂದು ನಾನು ವಾದಿಸುತ್ತೇನೆ.

ಹೆಲೆನ್ ಕೆಲರ್ ಕಥೆ ನಮಗೆಲ್ಲ ಗೊತ್ತಿರುವುದು ನೀರಿನ ಪಂಪಿನವರೆಗೆ. 1887ರ ಏಪ್ರಿಲ್ 5ರಂದು ಒಂದು ಕೈಯ ಮೇಲೆ ನೀರು ಸುರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ಮೂಡಿದ ಅಕ್ಷರಗಳು ಆ ನೀರಿನ ಹೆಸರೆಂದು ಮಗುವಿಗೆ ಹೊಳೆಯಿತು. ವಿಲಿಯಂ ಗಿಬ್ಸನ್‌ರ ನಾಟಕ ‘ದಿ ಮಿರಕಲ್ ವರ್ಕರ್’ 1959ರಲ್ಲಿ ಬ್ರಾಡ್‌ವೇಯಲ್ಲಿ, 1962ರಲ್ಲಿ ಸಿನಿಮಾ ಆಗಿ ಈ ಕ್ಷಣವನ್ನೇ ಶಿಖರವಾಗಿಸಿಕೊಂಡಿತು. ಇದೇ ಬದುಕಿನಿಂದ ಪ್ರೇರಣೆ ಪಡೆದು ಸಂಜಯ್ ಲೀಲಾ ಭನ್ಸಾಲಿ 2005ರಲ್ಲಿ ‘ಬ್ಲ್ಯಾಕ್’ ಮಾಡಿದಾಗ ಆ ಗುರು-ಶಿಷ್ಯೆಯರ ಜೋಡಿ ಭಾರತದ ಮನೆಮನೆಗೂ ಬಂತು. ಪವಾಡದ ಕಥೆಗೆ ಪವಾಡವಾದ ಕೂಡಲೇ ತೆರೆ ಬೀಳುತ್ತದೆ. ಆದರೆ ಪಂಪಿನ ಬಳಿಯ ಆ ಘಳಿಗೆಯ ನಂತರ ಸಲಿವನ್ ಇನ್ನೂ 49 ವರ್ಷ ಹೆಲೆನ್ ಜೊತೆಗಿದ್ದರು. ಪ್ರತಿಭೆಯನ್ನು ಕಂಡುಹಿಡಿಯುವುದಕ್ಕೆ ಹಿಡಿದದ್ದು ಒಂದು ತಿಂಗಳು. ಕಂಡುಹಿಡಿದ ಪ್ರತಿಭೆಯ ಜೊತೆ ಗುರು ಏನು ಮಾಡಬೇಕು ಎಂಬ ಪ್ರಶ್ನೆ ಉಳಿದ ಅಷ್ಟೂ ವರ್ಷ ಅವರಿಬ್ಬರ ಜೊತೆಗಿತ್ತು. ನಮ್ಮ ಭಾಷೆಯಲ್ಲಿ ಗುರುಭಕ್ತಿ ಎಂಬ ಮಾತಿದೆ. ಗುರುವಿಗೆ ಶಿಷ್ಯೆಯ ಮೇಲೆ ಹುಟ್ಟುವ ಭಕ್ತಿಗೆ ಮಾತಿಲ್ಲ. ವಾತ್ಸಲ್ಯ ಎಂದರೆ ಅದು ತಾಯ್ತನಕ್ಕೆ ಹೊರಳುತ್ತದೆ, ಮೋಹ ಎಂದರೆ ಆಗಲೇ ತೀರ್ಪು ಕೊಟ್ಟಂತಾಗುತ್ತದೆ. ಆದ್ದರಿಂದ ಇಲ್ಲಿ ಶಿಷ್ಯನಿಷ್ಠೆ ಎಂಬ ಪದವನ್ನು ಬಳಸುತ್ತೇನೆ.

ಈ ನಿಷ್ಠೆಯ ಬೇರು ಸಲಿವನ್ ಅವರ ಬಾಲ್ಯದಲ್ಲಿದೆ. 1866ರಲ್ಲಿ ಮ್ಯಾಸಚೂಸೆಟ್ಸ್‌ನ ಫೀಡಿಂಗ್ ಹಿಲ್ಸ್‌ನಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಬಡವರಿಗೆ ಹುಟ್ಟಿದ ಅವರಿಗೆ ಎಳೆಯ ವಯಸ್ಸಿನಲ್ಲೇ ಟ್ರಕೋಮಾ ತಗುಲಿ ದೃಷ್ಟಿ ಮಸುಕಾಯಿತು. ತಾಯಿ ತೀರಿಕೊಂಡ ಮೇಲೆ 1876ರಲ್ಲಿ ಟ್ಯೂಕ್ಸ್‌ಬರಿಯ ಬಡವರ ಗಂಜಿಮನೆಗೆ ತಮ್ಮನೊಂದಿಗೆ ಸೇರಿಸಿದರು. ತಮ್ಮ ಜಿಮ್ಮಿ ಕೆಲವೇ ತಿಂಗಳಲ್ಲಿ ಅಲ್ಲೇ ಸತ್ತ. ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ ನನಗೆ ಓದಬೇಕು ಎಂದು ಬೇಡಿಕೊಂಡೇ ಅವರು 1880ರಲ್ಲಿ ಪರ್ಕಿನ್ಸ್ ಸೇರಿದ್ದು. ಆಗ ಅವರಿಗೆ 14 ವರ್ಷ, ಅಕ್ಷರ ಗೊತ್ತಿರಲಿಲ್ಲ. ಆರು ವರ್ಷದ ನಂತರ ತರಗತಿಗೆ ಮೊದಲಿಗರಾಗಿ ಹೊರಬಂದರು. ಮುಂದೆ ದಾರಿ ಇರಲಿಲ್ಲ. ಅಲಬಾಮಾದ ಟಸ್ಕಂಬಿಯಾ ಎಂಬ ಊರಿನ ಕೆಲರ್ ಕುಟುಂಬ ತಮ್ಮ ಮಗಳಿಗೆ ಶಿಕ್ಷಕಿ ಬೇಕೆಂದು ಕೇಳಿದಾಗ ತಿಂಗಳಿಗೆ 25 ಡಾಲರ್ ಸಂಬಳಕ್ಕೆ ಒಪ್ಪಿಕೊಂಡರು. ಅಲ್ಲಿಗೆ ತಲುಪಿದ್ದು 1887ರ ಮಾರ್ಚ್ 3ರಂದು. ಗುರುವಿಗೆ ಇನ್ನೂ 21 ತುಂಬಿರಲಿಲ್ಲ, ಶಿಷ್ಯೆಗೆ 7 ತುಂಬಿರಲಿಲ್ಲ. ಬದುಕಿನಲ್ಲಿ ತನ್ನದೆನ್ನುವುದು ಒಂದೂ ಇಲ್ಲದೆ ಬಂದ ಯುವತಿಗೆ ಮೊದಲ ಬಾರಿಗೆ ತನ್ನದೆನ್ನುವ ಒಂದು ಕೆಲಸ ಸಿಕ್ಕಿತು. ಅದು ಕೆಲಸವಾಗಿ ಮಾತ್ರ ಉಳಿಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಪರ್ಕಿನ್ಸ್‌ನಲ್ಲಿ ಅವರು ಇನ್ನೊಂದು ಪಾಠವನ್ನೂ ಕಲಿತಿದ್ದರು. ಅದೇ ಸಂಸ್ಥೆಯಲ್ಲಿ ಲಾರಾ ಬ್ರಿಜ್‌ಮನ್ ವಾಸವಾಗಿದ್ದರು. 1837ರಲ್ಲಿ ಏಳು ವರ್ಷದ ಮಗುವಾಗಿ ಬಂದ ಈ ಅಂಧ-ಬಧಿರ ಹುಡುಗಿಗೆ ಡಾ. ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ ಭಾಷೆ ಕಲಿಸಿದ್ದು ಆ ಕಾಲದಲ್ಲಿ ಜಗತ್ತೇ ಬೆರಗಾದ ಸಂಗತಿ. ಚಾರ್ಲ್ಸ್ ಡಿಕನ್ಸ್ 1842ರ ತಮ್ಮ ಅಮೆರಿಕ ಪ್ರವಾಸ ಕಥನದಲ್ಲಿ ಅವಳ ಬಗ್ಗೆ ಬರೆದರು, ಹೆಲೆನಳ ತಾಯಿಗೆ ಆಸೆ ಚಿಗುರಿದ್ದೂ ಅದನ್ನು ಓದಿದ ಮೇಲೆ. ಹೌ ಅವರಿಗೆ ಲಾರಾ ಒಂದು ಪ್ರಯೋಗವೂ ಆಗಿದ್ದಳು. ಹೊರಗಿನ ಉಪದೇಶವಿಲ್ಲದೆ ಮಗುವಿನ ಮನಸ್ಸಿನಲ್ಲಿ ದೇವರ ಕಲ್ಪನೆ ತಾನಾಗಿ ಅರಳುತ್ತದೆಯೇ ಎಂದು ನೋಡಲು ಅವಳಿಗೆ ಧರ್ಮಬೋಧೆ ಮಾಡಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಅವರು ವಿದೇಶದಲ್ಲಿದ್ದಾಗ ಬೇರೆಯವರು ಬೋಧಿಸಿಬಿಟ್ಟರು. ಹೌ ಸಿಟ್ಟಾದರು, ಮೆಲ್ಲಗೆ ಅವರ ಆಸಕ್ತಿ ಇಳಿಯಿತು. ಲಾರಾ ಉಳಿದ ಆಯುಷ್ಯವನ್ನು ಬಹುಪಾಲು ಸಂಸ್ಥೆಯ ಗೋಡೆಗಳ ಒಳಗೆ ಹೆಣಿಗೆ-ಹೊಲಿಗೆಯಲ್ಲಿ ಕಳೆದು 1889ರಲ್ಲಿ ತೀರಿಕೊಂಡರು. ಸಲಿವನ್ ಬೆರಳಕ್ಷರ ಬಳಸಿ ಮಾತಾಡಿದ್ದು ಈ ಲಾರಾ ಜೊತೆ. ಟಸ್ಕಂಬಿಯಾಕ್ಕೆ ಹೊರಡುವ ಮುಂಚೆ ತಿಂಗಳುಗಟ್ಟಲೆ ಕೂತು ಓದಿದ್ದು ಹೌ ಅವರ ವರದಿಗಳನ್ನು. ಕೈಬಿಡುವ ಗುರು ಶಿಷ್ಯೆಯನ್ನು ಎಲ್ಲಿ ನಿಲ್ಲಿಸಿ ಹೋಗುತ್ತಾನೆ ಎಂಬುದು ಅವರ ಕಣ್ಣೆದುರಿಗೇ ಇತ್ತು. ಮುಂದೆ ಅವರು ಹೆಲೆನಳನ್ನು ಯಾವ ಕಾರಣಕ್ಕೂ ಬಿಡದೆ ಹಿಡಿದುಕೊಂಡದ್ದನ್ನು ಈ ಹಿನ್ನೆಲೆಯಿಂದ ಬಿಡಿಸಿ ನೋಡುವುದು ಅನ್ಯಾಯವಾದೀತು.

ಟಸ್ಕಂಬಿಯಾದಲ್ಲಿ ಸಲಿವನ್ ಮಾಡಿದ ಮೊದಲ ದೊಡ್ಡ ಕೆಲಸ ಮಗುವನ್ನು ಮನೆಯವರಿಂದ ಬೇರ್ಪಡಿಸಿದ್ದು. ತೋಟದ ಪುಟ್ಟ ಮನೆಯೊಂದರಲ್ಲಿ ಸುಮಾರು ಎರಡು ವಾರ ಅವರಿಬ್ಬರೇ ಇದ್ದರು. ಪರ್ಕಿನ್ಸ್‌ನಲ್ಲಿ ತಮ್ಮನ್ನು ಮಗಳಂತೆ ನೋಡಿಕೊಂಡಿದ್ದ ಸೋಫಿಯಾ ಹಾಪ್ಕಿನ್ಸ್‌ಗೆ ಬರೆದ ಪತ್ರಗಳಲ್ಲಿ ಸಲಿವನ್ ಇದರ ತರ್ಕವನ್ನು ಮುಚ್ಚಿಡುವುದಿಲ್ಲ: ಮಗು ಮೊದಲು ವಿಧೇಯತೆ ಕಲಿಯಬೇಕು, ಅರಿವೂ ಪ್ರೀತಿಯೂ ಒಳಗೆ ಬರುವುದು ಆ ದಾರಿಯಿಂದಲೇ ಎಂಬುದು ಅವರ ನಂಬಿಕೆ. ಇಂದಿನ ಓದುಗರಿಗೆ ಇದು ಕಹಿಯಾಗಿ ಕೇಳಿಸುತ್ತದೆ, ಕೇಳಿಸಬೇಕು ಕೂಡ. ಆದರೆ ಅದೇ ಪತ್ರಗಳನ್ನು ಇನ್ನಷ್ಟು ಮುಂದೆ ಓದಿದರೆ ಒಬ್ಬ ಅಸಾಧಾರಣ ಬೋಧಕಿ ರೂಪುಗೊಳ್ಳುವುದು ಕಾಣುತ್ತದೆ. ಹೆಲೆನಳ ಸಂಬಂಧಿಕರ 15 ತಿಂಗಳ ಕೂಸು ಮಾತು ಕಲಿಯುವುದನ್ನು ಗಮನಿಸಿದ ಸಲಿವನ್, ಪಾಠದ ಹೊತ್ತು-ಪಾಠದ ಮೇಜು ಎಂಬುದನ್ನೆಲ್ಲ ಕೈಬಿಟ್ಟರು. ಕೂಸಿನ ಕಿವಿಗೆ ನಾವು ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತೇವೆ, ಕೂಸಿಗೆ ಅರ್ಥವಾಗದ ಮಾತನ್ನೂ ಆಡುತ್ತೇವೆ. ಹಾಗೆಯೇ ಹೆಲೆನಳ ಕೈಗೆ ಮಾತಾಡುತ್ತೇನೆ ಎಂದು ನಿರ್ಧರಿಸಿದರು. ಹೌ ಅವರು ಪದಗಳಿಂದ ಭಾಷೆ ಕಟ್ಟಲು ಹೊರಟಿದ್ದರು, ಸಲಿವನ್ ಮಾತಿನ ಹೊಳೆಗೇ ಮಗುವನ್ನು ಇಳಿಸಿದರು. ಆಗಸ್ಟ್ ಕೊನೆಯ ಹೊತ್ತಿಗೆ ಹೆಲೆನ್ 625 ಪದಗಳನ್ನು ತಿಳಿದಿದ್ದಳೆಂದು ಅವರೇ ಲೆಕ್ಕ ಕೊಡುತ್ತಾರೆ. ಮಗುವಿನ ಭಾಷಾಕಲಿಕೆಯ ಬಗ್ಗೆ ವಿದ್ವಾಂಸರು ಬಹಳ ಕಾಲದ ನಂತರ ಒಪ್ಪಿಕೊಂಡದ್ದನ್ನು 21ರ ಹುಡುಗಿ ತೋಟದಲ್ಲಿ, ಕೊಟ್ಟಿಗೆಯಲ್ಲಿ, ಹೊಳೆದಂಡೆಯಲ್ಲಿ ಮಾಡಿ ತೋರಿಸಿದ್ದು ಶಿಕ್ಷಣದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ತೊಡಕು ಹುಟ್ಟಿದ್ದು ಈ ಸಾಧನೆಯ ಒಳಗಿನಿಂದಲೇ. ಕೇಳುವ ಮಗುವಿಗೆ ಮಾತು ಹತ್ತು ಬಾಯಿಂದ ಬರುತ್ತದೆ: ಅಜ್ಜಿಯದು ಒಂದು ಬಗೆ, ಅಡುಗೆಮನೆಯದು ಒಂದು ಬಗೆ, ಬೀದಿಯದು ಇನ್ನೊಂದು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನಿಂದ ಬೇರೆ ಮಾಡುತ್ತಲೇ ಮಗು ತನ್ನ ಮಾತನ್ನೂ ಬೇರೆ ಮಾಡಿಕೊಳ್ಳುತ್ತದೆ. ಹೆಲೆನಳ ಆರಂಭದ ವರ್ಷಗಳಲ್ಲಿ ಈ ಹತ್ತು ಬಾಯಿಯ ಜಾಗದಲ್ಲಿ ಬಹುಪಾಲು ಒಂದೇ ಕೈ ಇತ್ತು. ಎಲೆ ಕೆಂಪಾಗಿದೆ ಎಂದು ಹೇಳುವ ಕೈ, ಪುಸ್ತಕ ಓದಿ ಹೇಳುವ ಕೈ, ಪಕ್ಕದಲ್ಲಿ ಕೂತವರು ನಕ್ಕರೆಂದು ತಿಳಿಸುವ ಕೈ, ಇವೆಲ್ಲ ಒಂದೇ. ಕಂಡದ್ದು, ಓದಿದ್ದು, ಊಹಿಸಿದ್ದು ಎಲ್ಲವೂ ಒಂದೇ ಸ್ಪರ್ಶದಲ್ಲಿ ಒಳಗೆ ಬರುತ್ತಿದ್ದವು. ಸಲಿವನ್‌ಗೆ ಹುಡುಗಿಯನ್ನು ಮೆರೆಸುವ ಹಂಬಲ ಇತ್ತೆಂದು ಹೇಳುವುದು ಸುಲಭ, ಸರಿಯಲ್ಲ. ಹೆಲೆನಳನ್ನು ಅದ್ಭುತ ಬಾಲೆಯ ಪ್ರದರ್ಶನವಾಗಿಸಲು ತಾನು ಬಿಡುವುದಿಲ್ಲವೆಂದು ಅವರು ಮೊದಲ ತಿಂಗಳುಗಳಲ್ಲೇ ಬರೆದಿದ್ದರು. ಊಹಿಸಿದ್ದಕ್ಕಿಂತ ಹೆಚ್ಚಿನದನ್ನು ಸಾಧಿಸುತ್ತೇನೆ ಎಂಬ ಒಳದನಿಯೂ ಅದೇ ದಿನಗಳ ಪತ್ರಗಳಲ್ಲಿದೆ. ಮಗುವನ್ನು ಲೋಕದಿಂದ ಕಾಯುವ ಆಸೆ, ಮಗುವಿನ ಮೂಲಕ ಲೋಕಕ್ಕೆ ತನ್ನನ್ನು ತೋರಿಸುವ ಆಸೆ ಎರಡೂ ಒಂದೇ ಮನಸ್ಸಿನಲ್ಲಿ ಕೂಡಿ ಬಾಳುತ್ತಿದ್ದವು. ಇತ್ತ ಅನಾಗ್ನೋಸ್ ಪರ್ಕಿನ್ಸ್‌ನ ವಾರ್ಷಿಕ ವರದಿಗಳಲ್ಲಿ ಹೆಲೆನಳನ್ನು ಹೊಗಳಿ ಬರೆದು ಅವಳ ಹೆಸರನ್ನು ಸಾಗರದಾಚೆಗೂ ಹಬ್ಬಿಸಿದರು. ಆ ಉತ್ಪ್ರೇಕ್ಷೆ ಸಲಿವನ್‌ಗೆ ಹಿಡಿಸಲಿಲ್ಲ. ಆದರೆ ಹುಡುಗಿಯ ಪ್ರತಿಭೆಗೆ ಸಾಕ್ಷಿ ಯಾರು ಎಂದು ಕೇಳಿದರೆ ಕೈ ತೋರಿಸಲು ಸಲಿವನ್ ಒಬ್ಬರೇ ಇದ್ದರು.

1891ರ ಶರತ್ಕಾಲದಲ್ಲಿ ಹೆಲೆನ್ ‘ದಿ ಫ್ರಾಸ್ಟ್ ಕಿಂಗ್’ ಎಂಬ ಕಥೆ ಬರೆದಳು. ಹಿಮರಾಜನ ರತ್ನಗಳು ಕರಗಿ ಮರದೆಲೆಗಳಿಗೆ ಬಣ್ಣ ಬಂದ ಕಥೆ. ಅಲಬಾಮಾದ ಬೆಟ್ಟದ ಮೇಲಿನ ಫರ್ನ್ ಕ್ವಾರಿ ಎಂಬ ಬೇಸಿಗೆ ಮನೆಯಲ್ಲಿ ಸಲಿವನ್ ಅವಳಿಗೆ ಎಲೆಗಳ ಬಣ್ಣ ತಿರುಗುವ ಚೆಲುವನ್ನು ವರ್ಣಿಸಿದ್ದರು, ಅದು ಅವಳ ಮನಸ್ಸನ್ನು ಕಲಕಿತ್ತು. ಕಥೆಯನ್ನು ಅನಾಗ್ನೋಸ್‌ಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಳಿಸಿದಳು, ಅವರು ಹಿಗ್ಗಿ ಅಚ್ಚು ಹಾಕಿಸಿದರು. ಅಚ್ಚಾದ ಸ್ವಲ್ಪ ದಿನಕ್ಕೆ ವರ್ಜೀನಿಯಾದ ‘ಗುಡ್‌ಸನ್ ಗೆಜೆಟ್’ ಪತ್ರಿಕೆ ಈ ಕಥೆ ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ‘ದಿ ಫ್ರಾಸ್ಟ್ ಫೇರೀಸ್’ ಕಥೆಯನ್ನು ಹೋಲುತ್ತದೆಂದು ಎತ್ತಿ ತೋರಿಸಿತು. ಹೋಲಿಕೆ ಮೇಲುಮೇಲಿನದಲ್ಲ, ಕಥೆಯ ಓಟ, ಚಿತ್ರ, ಕೆಲವೆಡೆ ವಾಕ್ಯದ ಕಟ್ಟೂ ಒಂದೇ. ತನಗೆ ಅಂಥ ಪುಸ್ತಕ ಗೊತ್ತೇ ಇಲ್ಲ ಎಂದರು ಸಲಿವನ್. ವಿಚಾರಿಸಿದಾಗ ಒಂದು ಸುಳಿವು ಸಿಕ್ಕಿತು. 1888ರ ಬೇಸಿಗೆಯಲ್ಲಿ ಹೆಲೆನ್ ಬ್ರೂಸ್ಟರ್ ಎಂಬಲ್ಲಿ ಸೋಫಿಯಾ ಹಾಪ್ಕಿನ್ಸ್ ಮನೆಯಲ್ಲಿದ್ದಳು, ಸಲಿವನ್ ಕೆಲದಿನ ರಜೆಯ ಮೇಲೆ ಹೋಗಿದ್ದರು, ಕ್ಯಾನ್ಬಿಯ ಪುಸ್ತಕ ಆ ಮನೆಯಲ್ಲಿತ್ತು, ಮಗುವನ್ನು ರಮಿಸಲು ಓದಿ ಹೇಳಿರಬೇಕು. ಹೆಲೆನಳಿಗೆ ಅದರ ನೆನಪು ಲವಲೇಶವೂ ಇರಲಿಲ್ಲ. ಸಲಿವನ್ ಇಲ್ಲದ ಕೆಲವೇ ದಿನಗಳಲ್ಲಿ ಇನ್ನೊಂದು ಕೈಯಿಂದ ಬಂದ ಕಥೆ, ಸಲಿವನ್ ಎಲೆಗಳನ್ನು ವರ್ಣಿಸಿದ ಕೂಡಲೇ ಒಳಗಿನಿಂದ ಎದ್ದು ಬಂದು ಸ್ವಂತದ್ದೆಂದು ಹುಡುಗಿಗೆ ತೋರಿತು.

ಅನಾಗ್ನೋಸ್ ಮೊದಲು ಇದನ್ನು ನಂಬಿದರು. ಆಮೇಲೆ ವಾಷಿಂಗ್ಟನ್ ಜಯಂತಿಯ ಹಿಂದಿನ ರಾತ್ರಿ ಸಂಸ್ಥೆಯ ಶಿಕ್ಷಕಿಯೊಬ್ಬರು ಹೆಲೆನಳನ್ನು ಕಥೆಯ ಬಗ್ಗೆ ಕೇಳಿದರು. ಮಿಸ್ ಸಲಿವನ್ ತನಗೆ ಹಿಮದ ಮನುಷ್ಯರೂಪವಾದ ಜ್ಯಾಕ್ ಫ್ರಾಸ್ಟ್‌ನ ವಿಷಯ ಹೇಳಿದ್ದರು ಎಂದಳು ಹುಡುಗಿ. ಆ ಮಾತಿನಲ್ಲಿ ಶಿಕ್ಷಕಿಗೆ ತಪ್ಪೊಪ್ಪಿಗೆ ಕೇಳಿಸಿತು, ವಿಚಾರಣೆ ನಡೆದದ್ದು ಅದರ ಮೇಲೆ. ಈ ಒಂದು ಸಣ್ಣ ಸಂಭಾಷಣೆ ನನ್ನ ವಾದಕ್ಕೆ ಉಳಿದೆಲ್ಲಕ್ಕಿಂತ ಮುಖ್ಯ ಸಾಕ್ಷ್ಯ. ಹುಡುಗಿ ಹೇಳಿದ್ದು ನಿಜ. ಸಲಿವನ್ ಹಿಮದ ಬಗ್ಗೆ ಮಾತಾಡಿದ್ದರು. ಶಿಕ್ಷಕಿ ಶಂಕಿಸಿದ್ದರಲ್ಲೂ ಅರ್ಥವಿತ್ತು, ಯಾಕೆಂದರೆ ಸಲಿವನ್ ಹೇಳಿದ್ದು ಎಂದರೆ ಸಲಿವನ್ ಕಂಡು ಹೇಳಿದ್ದೋ, ಪುಸ್ತಕದಿಂದ ಓದಿ ಹೇಳಿದ್ದೋ ಎಂದು ಹೊರಗಿನವರಿಗೆ ತಿಳಿಯುವ ಉಪಾಯವೇ ಇರಲಿಲ್ಲ. ವಿಚಾರಣೆಯಲ್ಲಿ ಸಲಿವನ್‌ರನ್ನು ಹೊರಗಿಟ್ಟು ಸತ್ಯ ಕಂಡುಕೊಳ್ಳುತ್ತೇವೆ ಎಂದು ಆ ಎಂಟು ಜನ ಭಾವಿಸಿದ್ದರು. ಕೋಣೆಯಿಂದ ಸಲಿವನ್‌ರನ್ನು ಕಳಿಸಬಹುದಿತ್ತು. ಹುಡುಗಿಯ ಮಾತಿನಿಂದ ಅವರನ್ನು ಕಳಿಸುವುದು ಸಾಧ್ಯವಿರಲಿಲ್ಲ. ಗುರುವಿನ ಮೇಲಿನ ಅನುಮಾನವನ್ನು ಪರೀಕ್ಷಿಸಲು ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಿದರು ಎಂಬುದು ಈ ಪ್ರಕರಣದ ಅತ್ಯಂತ ನೋವಿನ ಭಾಗ. ಸಲಿವನ್‌ರ ನಿಷ್ಠೆಗೆ ಬೆಲೆ ತೆತ್ತವಳು ಹೆಲೆನ್.

ತೆತ್ತ ಬೆಲೆ ಎಷ್ಟೆಂಬುದು 1903ರ ಅವಳ ಆತ್ಮಕಥೆಯಿಂದ ಗೊತ್ತಾಗುತ್ತದೆ. ವಿಚಾರಣೆಯ ರಾತ್ರಿ ಅತ್ತದ್ದನ್ನು, ಬೆಳಗಾಗುವುದರೊಳಗೆ ಸತ್ತೇ ಹೋಗುತ್ತೇನೆ ಅನ್ನಿಸಿದ್ದನ್ನು ಅವಳು ನೆನೆಯುತ್ತಾಳೆ. ಆಮೇಲೆ ಬಹಳ ಕಾಲ ತಾಯಿಗೆ ಪತ್ರ ಬರೆಯುವಾಗಲೂ ವಾಕ್ಯಗಳನ್ನು ಮತ್ತೆ ಮತ್ತೆ ಬೆರಳಲ್ಲಿ ತಡವಿ, ಇದನ್ನು ಎಲ್ಲಾದರೂ ಓದಿದ್ದೆನೇ ಎಂದು ದಿಗಿಲುಗೊಳ್ಳುತ್ತಿದ್ದಳು. ಆಡುತ್ತಿರುವ ಮಾತಿನ ನಡುವೆ ನಿಂತು, ಇದು ನನ್ನದೇ ಎಂದು ಖಚಿತವಿಲ್ಲ ಎಂದು ಸಲಿವನ್‌ರ ಕೈಗೆ ಹೇಳುತ್ತಿದ್ದಳು. ಓದಿದ್ದು ಯಾವುದು, ಯೋಚಿಸಿದ್ದು ಯಾವುದು ಎಂದು ಬಿಡಿಸಿ ಹೇಳಲು ತನಗೆ ಈಗಲೂ ಆಗುವುದಿಲ್ಲ, ಓದಿದ್ದೆಲ್ಲ ತನ್ನ ಮನಸ್ಸಿನ ಹುರಿಯಲ್ಲೇ ಸೇರಿಹೋಗುತ್ತದೆ ಎಂದು 22ನೆಯ ವಯಸ್ಸಿನಲ್ಲೂ ಒಪ್ಪಿಕೊಂಡಳು. ಕ್ಯಾನ್ಬಿ ಮಾತ್ರ ಇಡೀ ಪ್ರಸಂಗದಲ್ಲಿ ಉದಾರವಾಗಿ ನಡೆದುಕೊಂಡರು. ಸಲಿವನ್ ಕಂಡುಕೊಂಡ ಪರಿಹಾರ ಗಮನಾರ್ಹ: ಹುಡುಗಿಗೆ 12 ವರ್ಷವಾದಾಗ ‘ಯೂತ್ಸ್ ಕಂಪ್ಯಾನಿಯನ್’ ಪತ್ರಿಕೆಗೆ ತನ್ನ ಬದುಕಿನ ಬಗ್ಗೆ ಚಿಕ್ಕದೊಂದು ಬರಹ ಬರೆಯುವಂತೆ ಒತ್ತಾಯಿಸಿದರು. ಕಲ್ಪನೆಯ ಕಥೆ ಬೇರೆಯವರದಾಗಿರಬಹುದು, ಸ್ವಂತ ಬದುಕು ಆಗಲಾರದು. ಹೆಲೆನ್ ಮುಂದೆ ಬರೆದದ್ದೆಲ್ಲ ಬಹುಮಟ್ಟಿಗೆ ಆತ್ಮಕಥನವೇ ಆದದ್ದು ಈ ಗಾಯದಿಂದ ಎಂದು ನನ್ನ ಅನಿಸಿಕೆ. ಕಥೆಗಾರ್ತಿಯಾಗಬಹುದಾಗಿದ್ದ ಒಂದು ಮಗು ಅಲ್ಲಿಗೆ ನಿಂತುಹೋಯಿತು.

ಐದು ವರ್ಷದ ಬಳಿಕ ಕೇಂಬ್ರಿಜ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಇನ್ನೊಂದು ಘರ್ಷಣೆ ನಡೆಯಿತು. 1896ರಲ್ಲಿ ಹೆಲೆನ್ ಅಲ್ಲಿ ಸೇರಿದ್ದು ರ‍್ಯಾಡ್‌ಕ್ಲಿಫ್ ಕಾಲೇಜಿನ ಪ್ರವೇಶಕ್ಕೆ ಸಿದ್ಧಳಾಗಲು. ಶಾಲೆಯ ಮುಖ್ಯಸ್ಥ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಕಲಿಸುವ ಶಿಕ್ಷಕಿ ಬೆರಳಕ್ಷರ ಕಲಿತರು. ತರಗತಿಯಲ್ಲಿ ನೇರವಾಗಿ ಹೆಲೆನಳ ಕೈಗೆ ಪಾಠ ಹೇಳುವವರು ಸಲಿವನ್ ಅಲ್ಲದೆ ಬೇರೆಯವರೂ ಆದರು. 1897ರ ಕೊನೆಗೆ ಹುಡುಗಿ ದಣಿಯುತ್ತಿದ್ದಾಳೆ, ಅಭ್ಯಾಸವನ್ನು ಹಗುರ ಮಾಡಬೇಕು ಎಂದು ಗಿಲ್ಮನ್ ಹೇಳಿದರು, ಸಲಿವನ್ ಒಪ್ಪಲಿಲ್ಲ. ಗಿಲ್ಮನ್ ಅಷ್ಟಕ್ಕೇ ನಿಲ್ಲದೆ ಹುಡುಗಿಯನ್ನು ಸಲಿವನ್ ಕೈಯಿಂದಲೇ ಬಿಡಿಸಲು ಯತ್ನಿಸಿದರು. ತಾಯಿ ಕೇಟ್ ಕೆಲರ್ ಧಾವಿಸಿ ಬಂದರು, ಪರಿಸ್ಥಿತಿ ಕಣ್ಣಾರೆ ನೋಡಿದ ಮೇಲೆ ಸಲಿವನ್ ಪರ ನಿಂತು ಹೆಲೆನಳನ್ನೂ ಅವಳ ತಂಗಿಯನ್ನೂ ಶಾಲೆ ಬಿಡಿಸಿದರು. ಜೀವನಚರಿತ್ರೆಗಳಲ್ಲಿ ಈ ಪ್ರಸಂಗ ಗಿಲ್ಮನ್ ಸೋತ ಕಥೆಯಾಗಿ ಬರುತ್ತದೆ. ನನಗೆ ಕಾಣುವುದು ಬೇರೆ. ಎರಡನೆಯ ಬಾಗಿಲು ತೆರೆದ ಜಾಗದಲ್ಲೇ ಜಗಳ ಹುಟ್ಟಿತು; ಆ ಬಾಗಿಲು ತೆರೆದವರು ಹಳೆಯ ಬಾಗಿಲನ್ನು ಮುಚ್ಚಿಸಲು ಹೊರಟದ್ದರಿಂದ ಎರಡನೆಯದೇ ಮುಚ್ಚಿಹೋಯಿತು. ಹುಡುಗಿ ಸಲಿವನ್‌ರನ್ನು ಬಿಟ್ಟಿರಲಾರೆ ಎಂದದ್ದು ಪ್ರಾಮಾಣಿಕವಾದ ಮಾತು. ಆದರೆ ಹತ್ತು ವರ್ಷ ಒಬ್ಬರ ಕೈಯಿಂದಲೇ ಲೋಕ ಕಂಡ 17ರ ಹುಡುಗಿಗೆ ಆ ಕೈ ಬೇಕೋ ಬೇಡವೋ ಎಂದು ಕೇಳುವುದು ಎಷ್ಟರಮಟ್ಟಿಗೆ ಪ್ರಶ್ನೆಯಾದೀತು?

ಇದಕ್ಕೆ ತೀರ ವ್ಯತಿರಿಕ್ತವಾದ ಚಿತ್ರ 1899ರ ಜೂನ್ 29 ಮತ್ತು 30ರದು, ರ‍್ಯಾಡ್‌ಕ್ಲಿಫ್ ಪ್ರವೇಶದ ಕೊನೆಯ ಪರೀಕ್ಷೆಗಳು. ಸಲಿವನ್ ಪ್ರಶ್ನೆಪತ್ರಿಕೆ ಓದಿ ಹೇಳುವುದಕ್ಕೆ ಕಾಲೇಜು ಒಪ್ಪಲಿಲ್ಲ. ಪರ್ಕಿನ್ಸ್‌ನ ಯೂಜಿನ್ ವೈನಿಂಗ್ ಎಂಬ ಬೋಧಕರು ಪ್ರಶ್ನೆಗಳನ್ನು ಅಮೆರಿಕನ್ ಬ್ರೈಲ್‌ನಲ್ಲಿ ನಕಲು ಮಾಡಿ ಕೊಟ್ಟರು. ವೈನಿಂಗ್ ಹೆಲೆನಳಿಗೆ ಅಪರಿಚಿತರು, ಬ್ರೈಲ್ ಬರೆದು ಕೊಡುವುದರ ಹೊರತು ಅವಳೊಂದಿಗೆ ಮಾತಾಡಲು ಅವರಿಗೆ ಬೇರೆ ದಾರಿ ಇರಲಿಲ್ಲ. ಬೀಜಗಣಿತದ ಚಿಹ್ನೆಗಳು ಹೆಲೆನಳಿಗೆ ರೂಢಿಯಿದ್ದದ್ದು ಇಂಗ್ಲಿಷ್ ಬ್ರೈಲ್‌ನಲ್ಲಿ, ಪ್ರಶ್ನೆಪತ್ರಿಕೆ ಬಂದದ್ದು ಅಮೆರಿಕನ್ ಪದ್ಧತಿಯಲ್ಲಿ. ಆ ಗೊಂದಲದಲ್ಲಿ ಅವಳು ಬಹಳ ಕಷ್ಟಪಟ್ಟಳು, ಆದರೂ ತೇರ್ಗಡೆಯಾದಳು. ಆ ನಿಯಮ ತನ್ನ ದಾರಿಗೆ ಅಡ್ಡಿಯೆಂದು ಅವಳಿಗೆ ಅನ್ನಿಸಿತ್ತು. ಆದರೆ 1892ರ ಎಂಟು ಜನ ಉತ್ತರಿಸಲಾಗದ ಪ್ರಶ್ನೆಗೆ ಉತ್ತರ ದೊರೆತದ್ದು ಇಲ್ಲಿಯೇ. ಪ್ರೀತಿಯಿಲ್ಲದ, ಪರಿಚಯವಿಲ್ಲದ, ಬರೀ ಚುಕ್ಕಿಗಳ ಒಂದು ಹಾಳೆ. ಅದರ ಈಚೆ ಹೆಲೆನ್ ಒಬ್ಬಳೇ. ಬುದ್ಧಿ ಅವಳದೇ ಎಂದು ಇನ್ನು ಯಾರೂ ವಾದಿಸಬೇಕಾಗಿರಲಿಲ್ಲ. ಆ ಬ್ರೈಲ್ ಓದಲು, ಬೆರಳಚ್ಚು ಯಂತ್ರದಲ್ಲಿ ಉತ್ತರ ಬರೆಯಲು ಅವಳನ್ನು ಸಿದ್ಧಮಾಡಿದ್ದ ಕೈ ಸಲಿವನ್‌ರದೇ ಎಂಬುದನ್ನೂ ಇಲ್ಲಿ ಮರೆಯಬಾರದು. ಅವರ ನಿಷ್ಠೆ ಒಂದೇ ಬಾಗಿಲಿನ ಮನೆಯನ್ನು ಕಟ್ಟಿದ್ದು ನಿಜ. ಅದೇ ನಿಷ್ಠೆ, ಬಹುಶಃ ತನಗೆ ಅರಿವಿಲ್ಲದೆ, ಗೋಡೆ ಒಡೆಯುವ ಉಳಿಯನ್ನೂ ಹುಡುಗಿಯ ಕೈಗೆ ಕೊಟ್ಟಿತ್ತು.

ಈ ವಾದಕ್ಕೆ ಏಳುವ ಮೊದಲ ಆಕ್ಷೇಪ ಸರಳ, ಬಲವಾದದ್ದು: ಸಲಿವನ್ ಇಲ್ಲದಿದ್ದರೆ ಹೆಲೆನ್ ಕೆಲರ್ ಎಂಬ ವ್ಯಕ್ತಿಯೇ ಇರುತ್ತಿರಲಿಲ್ಲ, ಬೇರೆ ಗುರು ಸಿಗುತ್ತಿರಲಿಲ್ಲ, ಹಾಗಿರುವಾಗ ಒಬ್ಬರೇ ಏಕೆ ಎಂದು ಕೇಳುವುದು ಕೃತಘ್ನತೆ. ಒಪ್ಪುತ್ತೇನೆ, ಅರ್ಧದವರೆಗೆ. ಟಸ್ಕಂಬಿಯಾದಲ್ಲಿ 1887ರಲ್ಲಿ ಬೇರೆ ಯಾರೂ ಇರಲಿಲ್ಲ. ಲಾರಾಳ ಬದುಕು ತೋರಿಸುವಂತೆ ಬಿಟ್ಟುಹೋಗುವ ಗುರು ಬಿಡದ ಗುರುವಿಗಿಂತ ಹೆಚ್ಚು ಹಾನಿ ಮಾಡಬಲ್ಲ. ಆದರೆ ಋಣದ ಮಾತಿಗೂ ಒಡೆತನದ ಮಾತಿಗೂ ನಡುವಿನ ಗೆರೆ ನಮ್ಮ ಪರಂಪರೆಗೆ ಅಪರಿಚಿತವಲ್ಲ. ದ್ರೋಣ-ಏಕಲವ್ಯರ ಪ್ರಸಂಗ ಶತಮಾನಗಳಿಂದ ನಮ್ಮನ್ನು ಕಾಡುತ್ತಿರುವುದು, ಕುವೆಂಪು ‘ಬೆರಳ್‌ಗೆ ಕೊರಳ್’ ಬರೆಯುವಷ್ಟು ಅದು ನೋಯಿಸಿದ್ದು, ಶಿಷ್ಯನ ವಿದ್ಯೆಯ ಮೇಲೆ ಗುರುವಿನ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬ ಪ್ರಶ್ನೆ ತೀರದೆ ಇರುವುದರಿಂದಲೇ. ದ್ರೋಣ ಕೊಡದ ವಿದ್ಯೆಗೆ ಬೆರಳು ಕೇಳಿದ. ಸಲಿವನ್ ಎಲ್ಲವನ್ನೂ ಕೊಟ್ಟು ಏನನ್ನೂ ಕೇಳಲಿಲ್ಲ. ಆದ್ದರಿಂದಲೇ ಅವರ ಪ್ರಕರಣ ಹೆಚ್ಚು ಕಠಿಣವಾದದ್ದು. ಕೇಳದೆಯೂ ಪಡೆಯಲು ಸಾಧ್ಯ ಎಂಬುದನ್ನು ಅದು ತೋರಿಸುತ್ತದೆ. ಹೆಲೆನಳ ಕಾಲೇಜು ಓದಿಗಾಗಿ ದಿನವಿಡೀ ಪುಸ್ತಕ ಓದಿ ಸಲಿವನ್ ತಮ್ಮ ಅಳಿದುಳಿದ ದೃಷ್ಟಿಯನ್ನು ಸವೆಸಿದರು. 1904ರಲ್ಲಿ ಪದವಿ ದೊರೆತದ್ದು ಒಬ್ಬಳಿಗೆ, ಓದಿದ್ದು ಇಬ್ಬರು. 1905ರಲ್ಲಿ ಸಲಿವನ್ ಜಾನ್ ಮೇಸಿಯನ್ನು ಮದುವೆಯಾದ ಮೇಲೂ ಆ ಮನೆಯಲ್ಲಿ ಮೂವರಿದ್ದರು. ದಾಂಪತ್ಯ ಬಹುಕಾಲ ಬಾಳಲಿಲ್ಲ. ಇಷ್ಟನ್ನು ತೆತ್ತವರ ಎದುರು ಶಿಷ್ಯೆ ಬೇಡ ಎನ್ನುವುದು ಹೇಗೆ? ತ್ಯಾಗದ ಭಾರವೇ ಒಂದು ಬಗೆಯ ಬಂಧನವಾಗುತ್ತದೆ, ಹೇರಿದವರು ಹೇರಬೇಕೆಂದು ಹೇರದಿದ್ದರೂ.

ಎರಡನೆಯ ಆಕ್ಷೇಪ ಭಾಷೆಯ ಸ್ವರೂಪದ್ದು. ಎಲ್ಲರ ಮಾತೂ ಎರವಲೇ ಅಲ್ಲವೇ? ಯಾವ ಬರಹಗಾರರು ತಾವು ಓದಿದ್ದನ್ನು ತಮ್ಮದಾಗಿಸಿಕೊಂಡಿಲ್ಲ? ಮಾರ್ಕ್ ಟ್ವೇನ್ 1903ರಲ್ಲಿ ಹೆಲೆನಳಿಗೆ ಬರೆದ ಪತ್ರದಲ್ಲಿ ಈ ವಾದವನ್ನೇ ಹೂಡಿ ಆ ವಿಚಾರಣೆ ನಡೆಸಿದವರನ್ನು ಉಗ್ರವಾಗಿ ಬೈದರು. ಇದರ ವಿರುದ್ಧ ದಿಕ್ಕಿನಿಂದ ಬಂದ ಟೀಕೆಯೂ ಇದೆ. ಫ್ರಾನ್ಸಿನ ಅಂಧ ವಿದ್ವಾಂಸ ಪಿಯೆರ್ ವಿಲ್ಲೆ, ಅಮೆರಿಕದ ಅಂಧ ಮನಶ್ಶಾಸ್ತ್ರಜ್ಞ ಥಾಮಸ್ ಕಟ್ಸ್‌ಫರ್ತ್ ಇಬ್ಬರೂ ಹೆಲೆನಳ ಬಣ್ಣ-ಬೆಳಕಿನ ವರ್ಣನೆಗಳು ಅನುಭವವಿಲ್ಲದ ಬರೀ ಪದಗಳೆಂದು ಆರೋಪಿಸಿದರು. ಕಟ್ಸ್‌ಫರ್ತ್ 1933ರ ಪುಸ್ತಕದಲ್ಲಿ ಈ ಹೊಣೆಯನ್ನು ಅವಳು ಪಡೆದ ಶಿಕ್ಷಣದ ಮೇಲೇ ಹೊರಿಸಿದರು. ನನಗೆ ಟ್ವೇನ್ ಹೇಳಿದ್ದು ಹೆಚ್ಚು ಸರಿ ಅನ್ನಿಸುತ್ತದೆ. ಕಾಣದ ಬಣ್ಣದ ಹೆಸರು ಹೇಳುವುದು ಅಪರಾಧವಾದರೆ ಕಾಣದ ಕಡಲನ್ನು ವರ್ಣಿಸಿದ ಕವಿಗಳೆಲ್ಲ ಅಪರಾಧಿಗಳು. 1908ರ ‘ದಿ ವರ್ಲ್ಡ್ ಐ ಲಿವ್ ಇನ್’ ಪುಸ್ತಕದಲ್ಲಿ ಹೆಲೆನ್ ಸ್ಪರ್ಶ, ವಾಸನೆ, ಕಂಪನಗಳ ತನ್ನ ಲೋಕವನ್ನು ಬಿಚ್ಚಿಟ್ಟು ಈ ಟೀಕೆಗೆ ಮುಂಚಿತವಾಗಿಯೇ ಉತ್ತರ ಕೊಟ್ಟಿದ್ದಳು. ಆದರೆ ಎಲ್ಲ ಮಾತೂ ಎರವಲು ಎಂಬುದು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಇನ್ನಷ್ಟು ಗಟ್ಟಿಯಾಗಿಸುತ್ತದೆ. ಎರವಲು ಎಲ್ಲರಿಗೂ ಇದೆ. ಹತ್ತು ಕಡೆ ಎರವು ತಂದವರಿಗೆ ಲೆಕ್ಕ ಸಿಗುತ್ತದೆ, ಒಂದೇ ಕಡೆ ತಂದವಳಿಗೆ ಸಿಗುವುದಿಲ್ಲ. ಹೆಲೆನಳನ್ನು ಕಾಡಿದ್ದು ಎರವಲಿನ ಪಾಪಪ್ರಜ್ಞೆ ಎನ್ನುವುದಕ್ಕಿಂತ ಲೆಕ್ಕ ಸಿಗದ ಕಂಗಾಲು.

ಮೂರನೆಯ ಆಕ್ಷೇಪವನ್ನು ಹೆಲೆನಳ ಮುಂದಿನ ಬದುಕೇ ಎತ್ತುತ್ತದೆ, ನನ್ನ ವಾದವನ್ನು ತಿದ್ದಿಕೊಳ್ಳುವಂತೆ ಮಾಡುವುದೂ ಇದೇ. ಗುರು ಅವಳನ್ನು ನಿಜಕ್ಕೂ ಆವರಿಸಿಬಿಟ್ಟಿದ್ದರೆ ಅವಳು 1909ರಲ್ಲಿ ಸೋಷಿಯಲಿಸ್ಟ್ ಪಕ್ಷ ಸೇರುತ್ತಿರಲಿಲ್ಲ. ಟೀಕಾಕಾರರು ಇದನ್ನೂ ಬೇರೆಯವರ ಪ್ರಭಾವವೆಂದೇ ಆಡಿಕೊಂಡರು. 1912ರ ನವೆಂಬರಿನಲ್ಲಿ ‘ನ್ಯೂಯಾರ್ಕ್ ಕಾಲ್’ ಪತ್ರಿಕೆಯಲ್ಲಿ ಅವಳು ಕೊಟ್ಟ ಉತ್ತರ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಸಮಾಜವಾದದ ಬಗ್ಗೆ ತಾನು ಓದಿದ ಮೊದಲ ಪುಸ್ತಕ ಎಚ್. ಜಿ. ವೆಲ್ಸ್ ಬರೆದದ್ದು, ಅದನ್ನು ಸೂಚಿಸಿದ್ದು ಶ್ರೀಮತಿ ಮೇಸಿ, ಅಂದರೆ ಸಲಿವನ್. ಆದರೆ ಸಲಿವನ್ ಆಗಲೂ ಸಮಾಜವಾದಿ ಅಲ್ಲ, ಈಗಲೂ ಅಲ್ಲ ಎಂದು ಅವಳು ಬರೆದಳು. ಯಾರೋ ಬಂದು ದಿನವೂ ಕೈಯಲ್ಲಿ ಮಾತು ಮೂಡಿಸಿದ್ದರಿಂದ ಈ ನಿಲುವು ಬಂದಿಲ್ಲವೆಂದು ಹೇಳಲು ಜರ್ಮನ್ ಬ್ರೈಲ್‌ನಲ್ಲಿ ಬರುವ ಸಮಾಜವಾದಿ ಪತ್ರಿಕೆಯೊಂದನ್ನು ತಾನೇ ಓದುತ್ತಿರುವುದನ್ನು ಎತ್ತಿ ಹೇಳಿದಳು. ಪುಸ್ತಕ ಗುರುವಿನ ಕೈಯಿಂದ ಬಂತು, ತೀರ್ಮಾನ ಬರಲಿಲ್ಲ. 20 ವರ್ಷದ ಹಿಂದೆ ಯಾವುದು ನನ್ನದು ಎಂದು ತಡವರಿಸಿದ ಹುಡುಗಿ ಈಗ ಗುರುವಿನಿಂದ ಬಂದದ್ದನ್ನೂ ತನ್ನದನ್ನೂ ಒಂದೇ ವಾಕ್ಯದಲ್ಲಿ ಬೇರೆ ಮಾಡಿ ಇಟ್ಟಳು. ಇದರಿಂದ ಸಲಿವನ್‌ರ ಶಿಷ್ಯನಿಷ್ಠೆ ನಿರಪಾಯವೆಂದು ಸಾಬೀತಾಗುವುದಿಲ್ಲ, ಏಕೆಂದರೆ ಈ ಸ್ವಾತಂತ್ರ್ಯ ಬಂದದ್ದು ಬ್ರೈಲ್‌ನ ದಾರಿಯಿಂದ. ಆದರೆ ಹೆಲೆನ್ ತನಗಿಂತ ಬೇರೆ ದಾರಿ ಹಿಡಿದಾಗ ಸಲಿವನ್ ತಡೆಯಲಿಲ್ಲ, ಅವಳ ಜೊತೆ ಸಭೆಗಳಿಗೆ ಹೋದರು, ಒಪ್ಪದ ಭಾಷಣಗಳನ್ನೂ ಅನುವಾದಿಸಿ ಹೇಳಿದರು. ಗಿಲ್ಮನ್‌ಗೆ ಬಿಟ್ಟುಕೊಡದವರು ಹೆಲೆನಳಿಗೆ ಬಿಟ್ಟುಕೊಟ್ಟರು.

ಸಲಿವನ್ 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಕೈ ಹೆಲೆನಳ ಕೈಯಲ್ಲಿತ್ತು. ಹೆಲೆನ್ ಇನ್ನೂ ಸುಮಾರು 32 ವರ್ಷ ಬದುಕಿದಳು, ಏಷ್ಯಾ-ಯುರೋಪುಗಳನ್ನು ಸುತ್ತಿದಳು, 1955ರಲ್ಲಿ ಭಾರತಕ್ಕೂ ಬಂದಳು. ಗುರುವಿಲ್ಲದೆ ಅವಳು ನಿಲ್ಲಲಾರಳು ಎಂದು ಹೇಳಿದ್ದವರ ಊಹೆ ಹುಸಿಯಾಯಿತು. ಬಹುಕಾಲದಿಂದ ಗುರುವಿನ ಜೀವನಚರಿತ್ರೆಯನ್ನು ಅವಳು ಬರೆಯುತ್ತಿದ್ದಳು. 1946ರಲ್ಲಿ ಅವಳು ಯುರೋಪಿನಲ್ಲಿದ್ದಾಗ ಕನೆಕ್ಟಿಕಟ್‌ನ ಮನೆಗೆ ಬೆಂಕಿ ಬಿದ್ದು ಆ ಹಸ್ತಪ್ರತಿ ಸುಟ್ಟುಹೋಯಿತು, ಜೊತೆಗೆ ಬ್ರೈಲ್‌ನಲ್ಲಿ ಇಟ್ಟುಕೊಂಡಿದ್ದ ಸಲಿವನ್‌ರ ಪತ್ರಗಳೂ ಹೋದವು. ನೋಡಿಕೊಳ್ಳಲು ಕಾಗದವಿರಲಿಲ್ಲ, ಕೇಳಿ ಖಚಿತ ಮಾಡಿಕೊಳ್ಳಲು ಆ ಕೈ ಇರಲಿಲ್ಲ. ಅವಳು ಮೊದಲಿನಿಂದ, ನೆನಪಿನಿಂದ ಬರೆದಳು. 11ನೆಯ ವಯಸ್ಸಿನಲ್ಲಿ ಅವಳನ್ನು ಕಟಕಟೆಗೆ ತಂದದ್ದೂ ಇದೇ ನೆನಪು. 1955ರಲ್ಲಿ ‘ಟೀಚರ್’ ಎಂಬ ಹೆಸರಿನಲ್ಲಿ ಆ ಪುಸ್ತಕ ಹೊರಬಂತು, ಅದು ಯಾರದು ಎಂದು ಯಾರೂ ಕೇಳಲಿಲ್ಲ.